ಹೆವಿವೇಟ್ ಬಾಕ್ಸಿಂಗ್ ಉಳವಪ್ಪ

ದಾಂಡೇಲಿಯ ಉಳವಪ್ಪ ಹದಿನೆಂಟು ವರ್ಷ ಹೆವಿವೇಟ್ ಬಾಕ್ಸಿಂಗ್ ಮಾಡಿದ್ದು ನಿಜ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಮುಂದೆ ನಡೆದ ಅನಾಹುತಕ್ಕೆಲ್ಲ ಈ ನಿಜವೇ ಕಾರಣ ಎಂಬುದನ್ನು ಓದುಗರು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡರೆ ಆ ಬಡಪಾಯಿಗೆ ದೊಡ್ಡ ಉಪಕಾರವಾಗುತ್ತದೆ.

ಗಿರಣಿಯ ಕಾಗದವನ್ನು ಪೆಟ್ಟಿಗೆಗೆ ತುಂಬಿ ಊರೂರಿಗೆ ಕಳಿಸುವ ಗುತ್ತಿಗೆದಾರರೊಬ್ಬರ ಶೆಡ್ಡಿನಲ್ಲಿ ಅವನ ಕೆಲಸ. ಅಲ್ಲಿಗೆ ಬರುವ ಮಾಲು ಎರಡು ಬಗೆ. ಬರೆಯುವ ತೆಳು ಕಾಗದ ‘ಲೈಟ್‌ವೇಟ್’, ಲಗ್ನಪತ್ರಿಕೆ ಮಾಡುವ ದಪ್ಪ ರಟ್ಟು ‘ಹೆವಿವೇಟ್’. ಮಾಲನ್ನು ಪೆಟ್ಟಿಗೆಯಲ್ಲಿ ಜೋಡಿಸಿ, ಮೂಲೆ ಮಡಚಿ, ಟೇಪು ಹೊಡೆದು, ಪಟ್ಟಿ ಬಿಗಿಯುವ ಕೆಲಸಕ್ಕೆ ಆ ಶೆಡ್ಡಿನವರೆಲ್ಲ ಬಾಕ್ಸಿಂಗ್ ಎನ್ನುತ್ತಾರೆ. ಹಾಜರಿ ಪುಸ್ತಕದಲ್ಲೂ ಹಾಗೇ ಬರೆದಿದೆ: ಉಳವಪ್ಪ, ಹೆವಿವೇಟ್ ಬಾಕ್ಸಿಂಗ್. ಅವನು ಮಾತ್ರ ಆಳು ಸಣಕಲು, ಐವತ್ತೆರಡು ವರ್ಷ. ಪಟ್ಟಿ ಎಳೆದೂ ಎಳೆದೂ ಮುಂಗೈ ಒಂದಿಷ್ಟು ಗಟ್ಟಿಯಾಗಿತ್ತು, ಅಷ್ಟೇ.

ಅವನ ಮಗಳು ಶೈಲಾ ದಾಂಡೇಲಿ–ಹಳಿಯಾಳ ಬಸ್ಸಿನ ಕಂಡಕ್ಟರ್. ಅದೇ ಬಸ್ಸಿನ ಡ್ರೈವರ್ ಶಿವಯೋಗಿ. ಒಂದೂವರೆ ವರ್ಷ ಒಬ್ಬರು ಸೀಟಿ ಊದಿ ಇನ್ನೊಬ್ಬರು ಗಾಡಿ ಬಿಟ್ಟ ಮೇಲೆ, ಇನ್ನು ಮನೆಯನ್ನೂ ಹೀಗೇ ನಡೆಸಬಹುದು ಎಂದು ಇಬ್ಬರಿಗೂ ಅನ್ನಿಸಿತ್ತು. ತೊಡಕೆಂದರೆ ಶಿವಯೋಗಿಯ ಅಪ್ಪ ಜ್ಯೋತಿಬಾ. ಅವನು ಹಳಿಯಾಳದ ಒಂದು ತಾಲೀಮಿನ ವಸ್ತಾದ, ಅಂದರೆ ಗರಡಿಮನೆಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುವ ಗುರು. ತನ್ನ ಮನೆಗೆ ಸೊಸೆ ಬಂದರೆ ಕಣದ ಮಣ್ಣು ಮೈಗೆ ಹತ್ತಿದವರ ಮನೆಯಿಂದಲೇ ಬರಬೇಕು ಎಂದು ಪಟ್ಟು ಹಿಡಿದಿದ್ದ. ದಾಂಡೇಲಿಗೆ ಬಂದದ್ದೂ ಮರ್ಯಾದೆಯಿಂದ ‘ಆಗುವುದಿಲ್ಲ’ ಅಂತ ಹೇಳಿ ಹೋಗಲಿಕ್ಕೆ. ಚಹಾದ ಹೊರತು ಏನೂ ಮುಟ್ಟುವುದಿಲ್ಲ ಎಂದು ಹೆಂಡತಿಗೆ ಹೇಳಿಯೇ ಬಸ್ಸು ಹತ್ತಿದ್ದ.

ಚಹಾ ಬಸಿಗೆ ಸುರಿದುಕೊಂಡು, ಏನಾದರೂ ಕೇಳಬೇಕಲ್ಲ ಎಂದು ಕೇಳಿದ.

“ತಾವು ಏನು ಮಾಡ್ಕೊಂಡಿರ್ತೀರಿ?”

“ಬಾಕ್ಸಿಂಗ್ ರೀ,” ಅಂದ ಉಳವಪ್ಪ. “ಹೆವಿವೇಟ್.”

ಜ್ಯೋತಿಬಾ ಬಸಿ ಕೆಳಗಿಟ್ಟ. “ಎಷ್ಟು ವರ್ಷ ಆತು?”

“ಹದಿನೆಂಟು.”

“ದಿನಕ್ಕ ಎಷ್ಟು ಹೊಡೀತೀರಿ?”

“ನೂರಾ ಇಪ್ಪತ್ತು ಹೊಡೀತೇನ್ರಿ. ಲಗ್ನದ ಸೀಜನ್ ಬಂದ್ರ ನೂರೈವತ್ತಕ್ಕೂ ಹೋಗತೈತಿ.”

ಜ್ಯೋತಿಬಾ ಎದ್ದು ಬಂದು ಉಳವಪ್ಪನ ಮುಂಗೈ ಹಿಡಿದು ಅದುಮಿ ನೋಡಿದ. ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮೈ ನೋಡಿದರೆ ಏನೂ ಇಲ್ಲ, ಎಲ್ಲ ಕೈಯಲ್ಲೇ ಇಟ್ಟಾರ, ಖರೆ ಪೈಲವಾನ ಅಂದ್ರ ಹಿಂಗಿರಬೇಕು ಎಂದು ಎಲ್ಲರಿಗೂ ಕೇಳುವಂತೆ ತನ್ನಷ್ಟಕ್ಕೆ ಹೇಳಿಕೊಂಡ.

ಏನೋ ಎಡವಟ್ಟಾಯಿತು ಎಂದು ಉಳವಪ್ಪನಿಗೆ ಆಗ ತಿಳಿಯಿತು. ಬಿಡಿಸಿ ಹೇಳಬೇಕೆಂದು ಬಾಯಿ ತೆರೆದ. ಆದರೆ ಅಷ್ಟರಲ್ಲಿ ಹೆಂಡತಿ ಮಾಲವ್ವ ಉಪ್ಪಿಟ್ಟು ತಂದಿಟ್ಟಳು, ಏನೂ ಮುಟ್ಟಬಾರದೆಂದು ಬಂದಿದ್ದ ಜ್ಯೋತಿಬಾ ಎರಡು ತಾಟು ತಿಂದ, ಅಡುಗೆಮನೆಯ ಬಾಗಿಲಲ್ಲಿ ಶೈಲಾಳ ಮುಖ ಅರಳಿತು. ಜೊತೆಗೆ, ಹುಟ್ಟಿದಾಗಿನಿಂದ ಅವನನ್ನು ಯಾರೂ ಪೈಲವಾನ ಎಂದು ಕರೆದಿರಲಿಲ್ಲ. ಉಳವಪ್ಪ ಬಾಯಿ ಮುಚ್ಚಿದ. ಅವನ ತಪ್ಪು ಏನಾದರೂ ಇದ್ದರೆ ಅದು ಇಷ್ಟೇ.

ಗೋಡೆಯಾಚೆ ಇದನ್ನೆಲ್ಲ ಕೇಳಿಸಿಕೊಂಡವನು ಪಕ್ಕದ ಮನೆಯ ಬಸಲಿಂಗಯ್ಯ. ಗುಮಾಸ್ತನಾಗಿ ನಿವೃತ್ತನಾದ ಮೇಲೆ ಅವನ ಕಿವಿಗಳು ಪೂರ್ತಿ ಹೊತ್ತಿನ ನೌಕರಿ ಹಿಡಿದಿದ್ದವು. ಮರುದಿನ ಬೆಳಿಗ್ಗೆ ಅವನು, ಹನ್ನೊಂದು ವರ್ಷದಿಂದ ಉಳವಪ್ಪನ ತಂತಿಯ ಮೇಲೆ ಒಣಹಾಕುತ್ತಿದ್ದ ತನ್ನ ಧೋತರಗಳನ್ನು ಮಾತಿಲ್ಲದೆ ತೆಗೆದುಕೊಂಡು ಹೋದ. ಹಾಲಿನವನು ಲೋಟದ ಮೇಲೆ ಇನ್ನೊಂದು ಚೂರು ಸುರಿದು, ಹಿಂದಿನದೇನಿದ್ದರೂ ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದ. ಮೂರನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಆಟೋದವರು ಕೊರಳಪಟ್ಟಿ ಹಿಡಿದುಕೊಂಡಾಗ ಬೀಟಿನ ಪೊಲೀಸಪ್ಪ, ಸಂತೆ ಮುಗಿಸಿ ಹೊರಟಿದ್ದ ಉಳವಪ್ಪನನ್ನು ಕರೆತಂದು ಅವರ ನಡುವೆ ನಿಲ್ಲಿಸಿದ. ಮಾಡಬೇಕಾದ್ದು ಏನೂ ಇಲ್ಲ, ಸುಮ್ಮನೆ ನಿಂತರೆ ಸಾಕು ಎಂದ. ಉಳವಪ್ಪ ಕೈಯಲ್ಲಿ ಮೆಂತ್ಯದ ಸೂಡು ಹಿಡಿದು ನಿಂತ. ಜಗಳ ನಿಂತಿತು. ಇದರಿಂದ ಎಲ್ಲರಿಗಿಂತ ಹೆಚ್ಚು ಗಾಬರಿಯಾದವನು ಉಳವಪ್ಪನೇ.

“ಹದಿನೆಂಟು ವರ್ಷದಾಗ ನೀವು ಹೊಡದದ್ದು ಟೇಪು ಒಂದಾ,” ಅಂದಳು ಮಾಲವ್ವ. “ಇದು ಎಲ್ಲಿಗಿ ಹೋಗಿ ಮುಟ್ಟತೈತಿ ನೋಡ್ರಿ ಮತ್ತ.”

ಅದು ಹಳಿಯಾಳಕ್ಕೆ ಹೋಗಿ ಮುಟ್ಟಿತು. ವಾರ ಕಳೆಯುವುದರೊಳಗೆ ಜ್ಯೋತಿಬಾನ ಫೋನು ಬಂತು. ಬರುವ ಐತವಾರ ಬೆಳಿಗ್ಗೆ ಯಾವುದೋ ದೂರದ ದೇಶದಲ್ಲಿ ಜಗತ್ತಿನ ದೊಡ್ಡ ಹೆವಿವೇಟ್ ಬಾಕ್ಸಿಂಗ್ ಪಂದ್ಯ. ಒಬ್ಬ ಆರಡಿ ಒಂಬತ್ತಂಗುಲ, ಉದ್ದ ಕೈಗಳ ತೆಳ್ಳನೆಯ ಆಳು. ಇನ್ನೊಬ್ಬ ಅವನ ಎದೆಮಟ್ಟ, ಆದರೆ ಅಗಲ ಎರಡು ಪಾಲು. ಅವರ ಹೆಸರು ತಾಲೀಮಿನಲ್ಲಿ ಯಾರ ನಾಲಿಗೆಗೂ ಹೊರಳದ ಕಾರಣ ಉದ್ದಾಂವ, ಗಿಡ್ಡಾಂವ ಎಂದೇ ನಾಮಕರಣವಾಗಿತ್ತು. ಉದ್ದಾಂವ ಗೆಲ್ಲುತ್ತಾನೆ ಎಂದು ಭೀಮಸಿಂಗ್ ಸಾರುತ್ತಿದ್ದ. ಭೀಮಸಿಂಗ್ ಮುಂಡಗೋಡ ಕಡೆಯ ಸನವಳ್ಳಿಯ ಹತ್ತಿರದ ತಾಂಡಾದವನು. ಪ್ರಾಯದಲ್ಲಿ ಜ್ಯೋತಿಬಾನ ಜೊತೆ ಮೂರು ಸಲ ಕುಸ್ತಿ ಹಿಡಿದು, ಮೂರೂ ಸಲ ಯಾರೂ ಸೋಲದೆ ಬರೋಬರಿ ಆಗಿ, ಅಂದಿನಿಂದ ಮೂವತ್ತು ವರ್ಷ ಜ್ಯೋತಿಬಾ ಹೂಂ ಅಂದದ್ದಕ್ಕೆಲ್ಲ ಊಹೂಂ ಅನ್ನುತ್ತ ಬಂದಿದ್ದ.

“ನಮ್ಮ ಬೀಗರು ಯಾರ ಹೆಸರು ಹೇಳ್ತಾರೋ ಅವನಾ ಗೆಲ್ಲತಾನ ಅಂತ ಹತ್ತು ಮಂದ್ಯಾಗ ಹೇಳಿಬಿಟ್ಟೇನಿ,” ಅಂದ ಜ್ಯೋತಿಬಾ. “ಗೆದ್ದ ಮ್ಯಾಲೆ ಅಲ್ಲೇ ಸಕ್ಕರಿ ಹಂಚಿ ಲಗ್ನದ ಮಾತು ಪಕ್ಕಾ ಮಾಡೂಣು.”

“ಅಕಸ್ಮಾತ್ ಅಂವ ಗೆಲ್ಲದಿದ್ರ?”

ಜ್ಯೋತಿಬಾ ಫೋನು ನಡುಗುವಂತೆ ನಕ್ಕ. ಹದಿನೆಂಟು ವರ್ಷ ಕಣದಲ್ಲಿದ್ದವನ ಕಣ್ಣು ತಪ್ಪುವುದಿಲ್ಲ, ತಪ್ಪಿದರೆ ಅಂವ ಬಾಕ್ಸಿಂಗಿನವನೇ ಅಲ್ಲ, ಖೊಟ್ಟಿ ಮನುಷ್ಯ, ಅಂಥವರ ಮನೆಯ ನೀರು ಕೂಡ ನಾವು ಕುಡಿಯುವುದಿಲ್ಲ ಎಂದು ಹೇಳಿ, ಇದು ಬರೀ ಮಾತಿಗೆ ಹೇಳಿದ್ದು ಎಂದು ಸಮಾಧಾನವನ್ನೂ ಮಾಡಿದ.

ಅಂದು ಡ್ಯೂಟಿ ಮುಗಿಸಿ ಬಂದ ಶೈಲಾ ಎಲ್ಲ ಕೇಳಿ ಟಿಕೆಟ್ ಚೀಲವನ್ನು ಗೂಟಕ್ಕೆ ಹಾಕಿದಳು. “ಅಪ್ಪಾ, ನಾನಾ ಹೋಗಿ ಹೇಳಿಬಿಡ್ತೇನಿ. ಆದದ್ದು ಆಗಲಿ.”

“ಬ್ಯಾಡ,” ಅಂದ ಉಳವಪ್ಪ. “ನಾ ಸುಳ್ಳು ಹೇಳಿಲ್ಲ. ನನ್ನ ಬಾಕ್ಸಿಂಗ್‌ನಾಗ ನನಗ ಏನು ತಿಳಿದೈತೋ ಅದರಾಗ ನೋಡಿ ಹೇಳ್ತೇನಿ. ನಿನ್ನ ಲಗ್ನ ಆಗಾಕ ಬೇಕು.”

ಅವನು ಒಮ್ಮೆ ಹಟಕ್ಕೆ ಬಿದ್ದರೆ ಮುಗಿಯಿತು. ಎರಡು ದಿನ ಮೊಬೈಲಿನಲ್ಲಿ ಬಾಕ್ಸಿಂಗ್ ನೋಡಿದ. ಇಬ್ಬರು ಹೊಡೆದಾಡುತ್ತಾರೆ, ನಡುವೆ ಅಪ್ಪಿಕೊಳ್ಳುತ್ತಾರೆ, ಮತ್ತೆ ಹೊಡೆದಾಡುತ್ತಾರೆ ಎಂಬುದರ ಹೊರತು ಏನೂ ತಿಳಿಯಲಿಲ್ಲ. ಬಸಲಿಂಗಯ್ಯ ಉದ್ದಾಂವ ಅಂದ. ಹಾಲಿನವನು, ನೀವು ಯಾರನ್ನು ಅಂತೀರೋ ಅವನು ಅಂದ. ಮೂರನೆಯ ದಿನ ಉಳವಪ್ಪ ಶೆಡ್ಡಿಗೆ ಹೋಗಿ ಎರಡು ಖಾಲಿ ಪೆಟ್ಟಿಗೆ ಆರಿಸಿದ. ಒಂದು ಉದ್ದನೆಯದು, ಒಂದು ಗಿಡ್ಡ ಅಗಲದ್ದು. ಪೇಪರಿನಲ್ಲಿ ಬಂದಿದ್ದ ಇಬ್ಬರ ಫೋಟೋ ಕತ್ತರಿಸಿ ಒಂದೊಂದಕ್ಕೆ ಅಂಟಿಸಿದ. ಆಮೇಲೆ ಅವುಗಳ ಮೇಲೆ ತುಂಬಿದ ಪೆಟ್ಟಿಗೆ ಒಂದೊಂದಾಗಿ ಹೇರುತ್ತ ಹೋದ. ಮೂರರ ತನಕ ಎರಡೂ ತಡೆದವು. ನಾಲ್ಕನೆಯದನ್ನು ಇಟ್ಟಾಗ ಉದ್ದನೆಯದು ನಡುವಿಗೆ ಮಡಚಿ ಕುಸಿಯಿತು. ಗಿಡ್ಡದ್ದು ಏನೂ ಆಗದವರ ಹಾಗೆ ಕೂತಿತ್ತು.

ಸೂಪರ್‌ವೈಸರ್ ಮಹಾಬಳೇಶ್ವರ ಇದನ್ನು ನೋಡಿ, ಕಂಪನಿಯ ಪೆಟ್ಟಿಗೆಗೆ ಯಾರ ಅಪ್ಪಣೆಯ ಮೇಲೆ ಹೀಗೆ ಮಾಡುತ್ತಿದ್ದೀ ಎಂದು ರೇಗಿದ. ಮಗಳ ಲಗ್ನದ ಸಲುವಾಗಿ ಎಂದ ಉಳವಪ್ಪ. ಇದಕ್ಕೆ ಯಾವ ನಿಯಮ ಹಚ್ಚಬೇಕೆಂದು ತಿಳಿಯದ ಮಹಾಬಳೇಶ್ವರ, ಒಂದೇ ಸಲ ನೋಡಿ ನಂಬಬಾರದು ಎಂದು ಇನ್ನೆರಡು ಖಾಲಿ ಪೆಟ್ಟಿಗೆ ತಾನೇ ತಂದುಕೊಟ್ಟ. ಎರಡನೆಯ ಸಲವೂ ಅದೇ ಆಯಿತು.

ಐತವಾರ ಬೆಳಿಗ್ಗೆ ಉಳವಪ್ಪ ಇಸ್ತ್ರಿಯ ಜುಬ್ಬಾ ಹಾಕಿಕೊಂಡು ಮಾಲವ್ವನ ಜೊತೆ ಹಳಿಯಾಳದಲ್ಲಿ ಇಳಿದ. ತಾಲೀಮಿನ ಗೋಡೆಗೆ ಬಿಳಿ ಧೋತರ ಕಟ್ಟಿ, ಬಾಡಿಗೆಯ ಪ್ರೊಜೆಕ್ಟರ್ ಇಟ್ಟಿದ್ದರು. ಕೆಂಪು ಮಣ್ಣಿನ ಸುತ್ತ ನೂರೈವತ್ತು ಜನ. ಒಂದು ಬದಿಗೆ ದೊಡ್ಡ ಬುಟ್ಟಿ ತುಂಬ ಬುಂದೆ ಉಂಡಿ, ಇನ್ನೊಂದು ಬದಿಗೆ ಹಲಗಿ ಬಾರಿಸುವವರು. ಉಳವಪ್ಪನನ್ನು ಎಲ್ಲರ ಮುಂದೆ ಕುರ್ಚಿ ಹಾಕಿ ಕೂರಿಸಿದರು. ಅವನ ಬೆನ್ನ ಹಿಂದೆ ಭೀಮಸಿಂಗ್ ಮೀಸೆ ಸವರಿಕೊಳ್ಳುತ್ತಿದ್ದ.

“ಉದ್ದಾಂವನ ಕೈ ನೋಡ್ರಿ ಸಾಹೇಬ್ರ,” ಅಂದ ಭೀಮಸಿಂಗ್. “ಗಿಡ್ಡಾಂವ ಹತ್ರ ಬರೂದ್ರಾಗ ಅವನ ಮೂಗು ಇರಂಗಿಲ್ಲ.”

ಉಳವಪ್ಪ ತಿರುಗಲಿಲ್ಲ. “ಉದ್ದಂದು ನಡಕ್ಕ ಮಡಚತೈತಿ,” ಅಂದ. “ನಾಕನೇದ್ರಾಗ.”

ಆರಡಿ ಒಂಬತ್ತಂಗುಲದ ಆಳನ್ನು ‘ಉದ್ದಂದು’ ಎಂದು ಸಾಮಾನಿನ ಹಾಗೆ ಕರೆಯಬೇಕಾದರೆ ಇವರು ಎಂಥೆಂಥವರನ್ನು ನೋಡಿರಬೇಕು ಎಂದು ಜನ ಪಿಸುಗುಟ್ಟಿದರು. ಜ್ಯೋತಿಬಾ ಹೆಮ್ಮೆಯಿಂದ ಸುತ್ತಲೂ ನೋಡಿದ.

ಮೊದಲ ಮೂರು ಸುತ್ತು ಉದ್ದಾಂವ ದೂರದಿಂದಲೇ ಗಿಡ್ಡಾಂವನ ಮುಖ ಜಜ್ಜಿದ. ಭೀಮಸಿಂಗ್ ಪ್ರತಿ ಪೆಟ್ಟಿಗೂ ಉಳವಪ್ಪನ ಕುರ್ಚಿಯ ಬೆನ್ನು ತಟ್ಟುತ್ತಿದ್ದ. ಮಾಲವ್ವ ಸೆರಗಿನ ತುದಿ ಕಚ್ಚಿಕೊಂಡಿದ್ದಳು. ಉಳವಪ್ಪನ ಬೆವರಿಗೆ ಜುಬ್ಬಾದ ಇಸ್ತ್ರಿ ಪೂರ್ತಿ ಹೋಗಿತ್ತು. ಆದರೆ ಎರಡು ಸಲ ಹೇರಿ ನೋಡಿದ್ದ, ಹೇಳಿದ ಮಾತು ಬದಲಿಸಲು ಸಿದ್ಧನಿರಲಿಲ್ಲ. ನಾಲ್ಕನೆಯ ಸುತ್ತಿನಲ್ಲಿ ಗಿಡ್ಡಾಂವ ತಲೆ ತಗ್ಗಿಸಿ ಒಳಗೆ ನುಗ್ಗಿ ಹೊಟ್ಟೆಗೆ ಒಂದು ಬಾರಿಸಿದ. ಉದ್ದಾಂವ ನಡುವಿಗೆ ಮಡಚಿದ. ಬೆನ್ನಿಗೇ ಗದ್ದಕ್ಕೆ ಇನ್ನೊಂದು ಬಿತ್ತು. ಉದ್ದಾಂವ ಅಂಗಾತ ಬಿದ್ದ. ಎರಡೂ ಹೆಗಲು ನೆಲಕ್ಕೆ.

“ಚಿತ್!” ಎಂದು ಜ್ಯೋತಿಬಾ ನೆಗೆದ.

ಆ ತಾಲೀಮಿನಲ್ಲಿ ಅಜ್ಜ ಮುತ್ತಜ್ಜನ ಕಾಲದಿಂದ ಬೆನ್ನು ಮಣ್ಣಿಗೆ ಹತ್ತಿದರೆ ಕುಸ್ತಿ ಮುಗಿಯಿತು. ಆಮೇಲೆ ನೋಡಲಿಕ್ಕೆ ಏನೂ ಇರುವುದಿಲ್ಲ. ಹಲಗಿ ಮೊಳಗಿದವು. ನೂರೈವತ್ತು ಜನ ಒಟ್ಟಿಗೆ ಎದ್ದ ರಭಸಕ್ಕೆ ಯಾರದೋ ಕಾಲಿಗೆ ಸಿಕ್ಕು ಪ್ರೊಜೆಕ್ಟರಿನ ವಾಯರು ಕಿತ್ತು ಬಂತು, ಪರದೆ ಮತ್ತೆ ಧೋತರವಾಯಿತು, ಅದನ್ನು ಯಾರೂ ಲಕ್ಷಿಸಲಿಲ್ಲ. ಉಳವಪ್ಪನ ತಲೆಗೆ ಕೇಸರಿ ಪಟಕಾ ಸುತ್ತಿ, ಹೆಗಲ ಮೇಲೆ ಹೊತ್ತು, ಗುಲಾಲು ಹಾರಿಸುತ್ತ ಬಸ್ ಸ್ಟ್ಯಾಂಡಿನವರೆಗೆ ಮೆರವಣಿಗೆ ಹೊರಟರು. ದಾಂಡೇಲಿಯಿಂದ ಅದೇ ಆಗ ಬಂದ ಬಸ್ಸು ಗರ್ದಿಗೆ ನಿಲ್ಲಬೇಕಾಯಿತು. ಡ್ರೈವರ್ ಸೀಟಿನಲ್ಲಿ ಶಿವಯೋಗಿ, ಬಾಗಿಲಲ್ಲಿ ಸೀಟಿ ಹಿಡಿದ ಶೈಲಾ. ಅಪ್ಪ ಜನರ ತಲೆಗಳ ಮೇಲೆ ಗುಲಾಲು ಮೆತ್ತಿಕೊಂಡು ಹೋಗುವುದನ್ನು ನೋಡಿ ಅವಳು ಸೀಟಿ ಊದುವುದನ್ನೇ ಮರೆತಳು. ಬಸ್ಸು ಮರಳಿ ಹೊರಡಲು ಅರ್ಧ ತಾಸು ಇತ್ತು. ಇಬ್ಬರೂ ಖಾಕಿಯಲ್ಲೇ, ಹಿಂದಿರುಗಿದ ಮೆರವಣಿಗೆಯ ಬೆನ್ನಿಗೆ ತಾಲೀಮಿಗೆ ಬಂದರು.

ಅಲ್ಲಿ ಬಾಗಿಲಿಗೆ ಅಡ್ಡ ನಿಂತಿದ್ದವನು ಭೀಮಸಿಂಗ್. ಅವನ ಕೈಯಲ್ಲಿ ಮೊಬೈಲಿತ್ತು.

“ಹಲಗಿ ನಿಲ್ಲಸ್ರಿ,” ಅಂದ. “ಉದ್ದಾಂವ ಹತ್ತು ಎಣಿಸೂದ್ರಾಗ ಎದ್ದಾನ. ಒಂಬತ್ತನೇ ಸುತ್ತಿನಾಗ ಗಿಡ್ಡಾಂವನ್ನ ಮಲಗಿಸ್ಯಾನ. ನೋಡ್ರಿ, ಗೆದ್ದಾಂವನ ಬೆಲ್ಟು ಅವನ ನಡಕ್ಕೈತಿ.”

ಮೊಬೈಲು ಕೈಯಿಂದ ಕೈಗೆ ಹೋಯಿತು. ಹಲಗಿ ನಿಂತವು. ಜ್ಯೋತಿಬಾನ ಕಪಾಳದ ಗುಲಾಲಿನ ಕೆಳಗೆ ಬಣ್ಣ ಇಳಿಯಿತು. ಬೆನ್ನು ನೆಲಕ್ಕೆ ಹತ್ತಿದ ಮೇಲೆ ಎದ್ದು ಬಂದು ಹೊಡೆಯುವುದು ಜಗಳ, ಆಟವಲ್ಲ ಎಂದು ವಾದಿಸಿದ. ಎಣಿಸಿದ್ದೇ ತಪ್ಪು ಎಂದ. ಭೀಮಸಿಂಗ್ ಒಂದನ್ನೂ ಒಪ್ಪಲಿಲ್ಲ. ಕೊನೆಗೆ ಜ್ಯೋತಿಬಾ ಎರಡೂ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ ಉಳವಪ್ಪನ ಕಡೆ ತಿರುಗಿದ.

“ಇದು ನಿಮ್ಮ ಆಟ ಬೀಗರ. ನೀವು ಹೇಳಿದ್ದಾ ಮಾತು. ಚಿತ್ ಆದಾಂವ ಸೋತನೋ ಇಲ್ಲೋ?”

ಎಲ್ಲರೂ ಉಳವಪ್ಪನನ್ನು ನೋಡಿದರು. ‘ಸೋತ’ ಎಂದು ಎರಡಕ್ಷರ ಅಂದಿದ್ದರೆ ಅಲ್ಲೇ ಸಕ್ಕರೆ ಹಂಚಿ ಮುಗಿಯುತ್ತಿತ್ತು. ಅವನು ಶೈಲಾಳ ಕಡೆ ನೋಡಿದ. ಅವಳು ಎರಡೂ ಕೈಯಲ್ಲಿ ಟಿಕೆಟ್ ಚೀಲ ಬಿಗಿಯಾಗಿ ಹಿಡಿದುಕೊಂಡಿದ್ದಳು. ಈ ಹುಡುಗಿಯನ್ನು ಒಂದು ಸುಳ್ಳಿನ ಮೇಲೆ ಈ ಮನೆಗೆ ಕಳಿಸಿದರೆ ಮುಂದೆ ದಿನವೂ ಆ ಸುಳ್ಳನ್ನು ಅವಳೇ ಹೊರಬೇಕಾಗುತ್ತದೆ ಎಂದು ಉಳವಪ್ಪನಿಗೆ ಅನ್ನಿಸಿತು. ಇಷ್ಟು ದಿನದ ಹಟವೆಲ್ಲ ಒಟ್ಟಾಗಿ ಇನ್ನೊಂದು ಕಡೆಗೆ ತಿರುಗಿತು. ಅವನು ಪಟಕಾ ತೆಗೆದು ಕುರ್ಚಿಯ ಮೇಲಿಟ್ಟ.

“ಸೋತಿಲ್ಲರಿ,” ಅಂದ. “ನನ್ನ ಬಾಕ್ಸಿಂಗ್‌ನಾಗ ಬೀಳೂದು ಸೋಲಲ್ಲ, ಒಡಿಯೂದು ಸೋಲು. ಉದ್ದಾಂವ ಬಿದ್ದ, ಒಡೀಲಿಲ್ಲ. ನನ್ನ ಮಾತು ತಪ್ಪಾತು. ಮತ್ತ ಇನ್ನೊಂದು ಐತ್ರಿ. ನಾ ಮನಶಾರನ್ನ ಹೊಡಿಯೂ ಬಾಕ್ಸಿಂಗ್ ಮಾಡಿಲ್ಲ. ಶೆಡ್ಡಿನಾಗ ರಟ್ಟು ಪೆಟಗಿಗಿ ತುಂಬ್ತೇನಿ. ಅದಕ್ಕ ನಾವು ಬಾಕ್ಸಿಂಗ್ ಅಂತೇವಿ. ದಪ್ಪ ರಟ್ಟಿಗೆ ಹೆವಿವೇಟ್ ಅಂತೇವಿ. ನೀವು ಬ್ಯಾರೆ ತಿಳಕೊಂಡ್ರಿ, ನಾ ಸುಮ್ಮನಾದೆ.”

ಹದಿನೆಂಟು ವರ್ಷ, ದಿನಕ್ಕೆ ನೂರಾ ಇಪ್ಪತ್ತು ಎಂದು ಜ್ಯೋತಿಬಾನ ತುಟಿ ಲೆಕ್ಕ ಹಾಕುತ್ತಿದ್ದುದು ಕಾಣುತ್ತಿತ್ತು. ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ಪ್ರೊಜೆಕ್ಟರಿನ ಖಾಲಿ ಪೆಟ್ಟಿಗೆಯನ್ನು ಕಾಲಿಂದ ಉಳವಪ್ಪನ ಮುಂದಕ್ಕೆ ನೂಕಿದ.

“ಉಂಡಿ ತುಂಬ್ರಿ,” ಅಂದ. “ನಿಮ್ಮ ಬಾಕ್ಸಿಂಗ್ ಏನಂತ ನೋಡೂಣು.”

ಉಳವಪ್ಪ ಮಂಡಿಯೂರಿದ. ಜುಬ್ಬಾದ ಜೇಬಿನಿಂದ ಟೇಪಿನ ಉರುಳಿ ತೆಗೆದ. ಹದಿನೆಂಟು ವರ್ಷದ ರೂಢಿ, ಲಗ್ನದ ಮಾತಿಗೆ ಬಂದರೂ ಅದು ಜೇಬಿನಲ್ಲೇ ಇರುತ್ತದೆ. ಹಳೆ ಪೇಪರು ಹರಿದು ತಳಕ್ಕೆ ಹಾಸಿದ, ಉಂಡಿಗಳನ್ನು ಒಂದಕ್ಕೊಂದು ತಾಗದಂತೆ ಕೂರಿಸಿದ, ನಾಲ್ಕು ಮೂಲೆಗೆ ರಟ್ಟಿನ ಚೂರು ಮಡಚಿ ತುರುಕಿದ. ಟೇಪು ಎರಡು ಸುತ್ತು ಉದ್ದ, ಎರಡು ಸುತ್ತು ಅಡ್ಡ ಹೊಡೆದು, ಮೇಲೊಮ್ಮೆ ಅಂಗೈ ಆಡಿಸಿ ಎದ್ದ. ನೂರೈವತ್ತು ಜನ ಕುಸ್ತಿ ನೋಡುವ ಹಾಗೆ ಕಣ್ಣು ಬಿಟ್ಟು ನೋಡುತ್ತಿದ್ದರು.

ಜ್ಯೋತಿಬಾ ಅಂಗಿ ತೋಳು ಮೇಲಕ್ಕೇರಿಸಿದ. ಪೆಟ್ಟಿಗೆಯನ್ನು ಬೆನ್ನ ಮೇಲೆ ಎಳೆದುಕೊಂಡು, ಹೆಗಲ ಮೇಲಿಂದ ತಿರುಗಿಸಿ, ಅಗಸ ಬಟ್ಟೆ ಒಗೆಯುವ ಹಾಗೆ ಬಾಗಿಲ ಮುಂದಿನ ಫರಸಿಕಲ್ಲಿಗೆ ಅಪ್ಪಳಿಸಿದ. ಕುಸ್ತಿಯಲ್ಲಿ ಅದು ಅವನ ಹೆಸರಾಂತ ಡಾವು. ಪೆಟ್ಟಿಗೆ ಅಂಗಾತ ಬಿತ್ತು. ಭೀಮಸಿಂಗ್ ಯಾರೂ ಹೇಳದೆಯೇ ಪಕ್ಕದಲ್ಲಿ ಬಗ್ಗಿ ಒಂದು, ಎರಡು, ಮೂರು ಎಂದು ಎಣಿಸತೊಡಗಿದ. ಆರಕ್ಕೆ ಉಳವಪ್ಪ ಹೋಗಿ ಪೆಟ್ಟಿಗೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ. ಒಂದು ಮೂಲೆಯೂ ಬಿಟ್ಟಿರಲಿಲ್ಲ. ತೆರೆದರು. ನಲವತ್ತೊಂದು ಉಂಡಿ ಇದ್ದವು, ನಲವತ್ತೊಂದೂ ದುಂಡಗಿದ್ದವು. ಒಂದರ ಗೋಡಂಬಿ ಮಾತ್ರ ಉದುರಿತ್ತು.

ಜ್ಯೋತಿಬಾ ಆ ಗೋಡಂಬಿಯನ್ನು ಬಾಯಿಗೆ ಹಾಕಿಕೊಂಡ.

“ನನ್ನ ಈ ಡಾವು ತಿಂದು ಎದ್ದಾವ್ರು ಇಲ್ಲೀತನಕ ಯಾರೂ ಇಲ್ಲ ಬೀಗರ,” ಅಂದ. “ಈ ಭೀಮಸಿಂಗನೂ ಎದ್ದಿಲ್ಲ.”

ಆ ಡಾವು ನನಗೆ ನೀನು ಹಾಕಿಯೇ ಇಲ್ಲ ಎಂದು ಭೀಮಸಿಂಗ್ ತಕರಾರು ತೆಗೆದ. ಜ್ಯೋತಿಬಾ ಅವನ ಕಡೆ ತಿರುಗಿ, ಇವತ್ತಿನ ಪಂದ್ಯದಲ್ಲಿ ನಿನ್ನ ಮಾತೇ ಖರೆ, ನೀ ಗೆದ್ದಿ ಎಂದು ಹತ್ತು ಮಂದಿಯಲ್ಲಿ ಒಪ್ಪಿಕೊಂಡ. ಮೂವತ್ತು ವರ್ಷದಲ್ಲಿ ಮೊದಲ ಸಲ ಈ ಮಾತು ಕೇಳಿದ ಭೀಮಸಿಂಗನಿಗೆ ಮುಂದೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಸುತ್ತಲೂ ನೋಡಿ, ಸಕ್ಕರೆಯ ತಾಟು ಎತ್ತಿ, ಮೊದಲ ಚಿಟಿಕೆಯನ್ನು ತಾನೇ ಶೈಲಾಳ ಕೈಗೆ ಹಾಕಿದ. ಶಿವಯೋಗಿ ಗಡಿಯಾರ ನೋಡಿ ಬಸ್ಸಿನ ಹೊತ್ತಾಯಿತು ಅಂದ. ಮಾಲವ್ವ ಬಾಯಿಂದ ಸೆರಗು ಬಿಟ್ಟು ಗೋಡೆಯ ಕಡೆ ತಿರುಗಿ ಅತ್ತಳು.

ತಿಂಗಳೊಳಗೆ ಲಗ್ನಪತ್ರಿಕೆ ದಾಂಡೇಲಿಯಲ್ಲೇ ಅಚ್ಚಾಗಿ ಉಳವಪ್ಪನ ಮನೆಗೆ ಬಂತು. ಉಳವಪ್ಪನ ಶೆಡ್ಡಿನಿಂದಲೇ ಹೋದ ದಪ್ಪ ರಟ್ಟು. ಅದರ ಮೇಲೆ ಜ್ಯೋತಿಬಾ ಬರೆಸಿದ್ದು ‘ಹೆವಿವೇಟ್ ಬಾಕ್ಸಿಂಗ್ ಉಳವಪ್ಪನವರ ಸುಪುತ್ರಿ’ ಎಂದು. ಉಳವಪ್ಪ ಗಾಬರಿಯಾಗಿ ಫೋನು ಮಾಡಿ, ಇದನ್ನು ತೆಗೆಸಬೇಕು, ಮಂದಿ ಮತ್ತೆ ಬೇರೆ ತಿಳಿದುಕೊಳ್ಳುತ್ತಾರೆ ಎಂದು ಕೇಳಿಕೊಂಡ.

“ಅದರಾಗ ಸುಳ್ಳೇನೈತಿ ಹೇಳ್ರಿ?” ಅಂದ ಜ್ಯೋತಿಬಾ.

ಉಳವಪ್ಪ ಫೋನು ಇಟ್ಟು, ಐನೂರು ಪತ್ರಿಕೆಗಳನ್ನು ಎದುರಿಗೆ ಎಳೆದುಕೊಂಡು, ಹಳಿಯಾಳಕ್ಕೆ ಕಳಿಸುವ ಪೆಟ್ಟಿಗೆಯ ಮೊದಲನೆಯ ಮೂಲೆ ಮಡಚಿದ.